ಗಾಣಕ್ಕೆ 60 ಲಕ್ಷ ಹಾಕಿದರೆ ಬಂಡವಾಳ ಜಾಸ್ತಿಯಾಗುತ್ತದಂತೆ. ಹಾಗಂದರೆ ಏನು?

ಚಳ್ಳಕೆರೆ ಗಾಣ:

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಸೇರಿ ಚಳ್ಳಕೆರೆಯಲ್ಲಿ ಆರು ವರ್ಷದಿಂದ ಮರದ ಗಾಣ ನಡೆಸುತ್ತಿದ್ದೇವೆ. ಮೋಟರಿನಲ್ಲಿ ತಿರುಗುವ ಎರಡು ಗಾಣ ಇವೆ. ಶೇಂಗಾ ಎಣ್ಣೆಯೇ ಮುಖ್ಯ. ಎಳ್ಳು, ಕೊಬ್ಬರಿ ಯಾರಾದರೂ ಹೇಳಿದರೆ ಮಾತ್ರ. ದಿನಕ್ಕೆ ಸರಾಸರಿ 45 ಲೀಟರ್ ಹೋಗುತ್ತದೆ, ಲೀಟರಿಗೆ 320 ರೂಪಾಯಿ. ಹಿಂಡಿಯನ್ನು ಎಮ್ಮೆ, ಹಸು ಇಟ್ಟವರು ಬಂದು ಒಯ್ಯುತ್ತಾರೆ. ಎಲ್ಲ ಸೇರಿ ವರ್ಷಕ್ಕೆ ಸುಮಾರು 53 ಲಕ್ಷದ ವ್ಯಾಪಾರ. ಬೀಜ, ಇಬ್ಬರು ಹುಡುಗರ ಸಂಬಳ, ಕರೆಂಟು, ಕ್ಯಾನು, ಬಾಡಿಗೆ ಕಳೆದು ಆರೂವರೆ ಲಕ್ಷ ಉಳಿಯುತ್ತದೆ.

ನಮ್ಮ ಹಣ ಒಟ್ಟು 13 ಲಕ್ಷ ಇದರಲ್ಲಿದೆ. ಗಾಣಗಳಿಗೆ 4, ಬೀಜದ ದಾಸ್ತಾನು 6, ಉದ್ರಿ 2, ಕೈಯಲ್ಲಿ 1. ಸಾಲ ಇಲ್ಲ.

ಈಗ ನಮ್ಮ ಮಾವನವರು ಹೆದ್ದಾರಿ ಕಡೆಯ ಒಂದು ಹೊಲ ಮಾರಿದ್ದಾರೆ. ಬಂದ 60 ಲಕ್ಷವನ್ನೂ ಗಾಣಕ್ಕೇ ಹಾಕಿ ಎನ್ನುತ್ತಿದ್ದಾರೆ. ಅವರ ಲೆಕ್ಕ ಹೀಗಿದೆ: ಇನ್ನೂ ಎಂಟು ಗಾಣಕ್ಕೆ 16 ಲಕ್ಷ, ಬೆಂಗಳೂರಿನಲ್ಲಿ ಒಂದು ಅಂಗಡಿಯ ಅಡ್ವಾನ್ಸು ಮತ್ತು ಒಳಗಿನ ಕೆಲಸಕ್ಕೆ 15, ಗೂಡ್ಸ್ ಗಾಡಿಗೆ 9, ಸುಗ್ಗಿಯಲ್ಲಿ ಒಂದೇ ಸಲ ಬೀಜ ತುಂಬಿಸಲು 20. ಭೂಮಿ ಮಾರಿದ ದುಡ್ಡನ್ನು ಕೂತು ತಿನ್ನಬಾರದು, ದುಡಿಸಬೇಕು ಎನ್ನುವುದು ಅವರ ಮಾತು.

ನಮ್ಮ ಲೆಕ್ಕ ಬರೆಯುವವರಿಗೆ ಇದನ್ನು ತೋರಿಸಿದೆ. ನೋಡಿದ ತಕ್ಷಣ "ಬೇಡಮ್ಮ, ಬಂಡವಾಳ ಜಾಸ್ತಿಯಾಗುತ್ತದೆ" ಎಂದರು. ಮಾರ್ಚ್ ತಿಂಗಳು, ಅವರಿಗೆ ಪುರುಸೊತ್ತಿರಲಿಲ್ಲ, ಬಿಡಿಸಿ ಹೇಳಲಿಲ್ಲ. ಬಂಡವಾಳ ಸಾಲದೆ ಮುಚ್ಚಿದ ಅಂಗಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜಾಸ್ತಿಯಾಗಿ ಕೆಟ್ಟದ್ದನ್ನು ಕೇಳಿಲ್ಲ. ನಮ್ಮದೇ ದುಡ್ಡು, ಬಡ್ಡಿ ಕಟ್ಟುವಂತಿಲ್ಲ. ಅದು ಹೆಚ್ಚಾದರೆ ತೊಂದರೆ ಏನು? ತಿಳಿದವರು ದಯವಿಟ್ಟು ಹೇಳಿ. ಮಾವನವರಿಗೆ ನಾನು ಉತ್ತರ ಕೊಡಬೇಕು.

ಹಳೇ ಮ್ಯಾನೇಜರ್, ಹಿರಿಯೂರು:

ತಂಗಿ, ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಇಷ್ಟು ಚೊಕ್ಕವಾಗಿ ಲೆಕ್ಕ ಇಟ್ಟುಕೊಂಡು ಬಂದು ಕೇಳುವವರು ಕಡಿಮೆ. ನಾನು 31 ವರ್ಷ ಬ್ಯಾಂಕಿನಲ್ಲಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಚಿತ್ರದುರ್ಗ, ತುಮಕೂರು, ದಾವಣಗೆರೆ ಕಡೆಯ ಸಣ್ಣ ಕೈಗಾರಿಕೆಗಳಿಗೆ ಸಾಲ ನೋಡುವ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ನಿಮ್ಮ ಆರೂವರೆ ಲಕ್ಷವನ್ನು ಸರಿ ಮಾಡೋಣ. ಅದರಲ್ಲಿ ನಿಮ್ಮಿಬ್ಬರ ದುಡಿಮೆಯೂ ಸೇರಿದೆ. ನೀವಿಬ್ಬರೂ ಬೇರೆಯವರ ಗಾಣದಲ್ಲಿ ಇದೇ ಕೆಲಸ ಮಾಡಿದ್ದರೆ ತಿಂಗಳಿಗೆ ಇಬ್ಬರಿಗೂ ಸೇರಿ 30 ಸಾವಿರವಾದರೂ ಸಿಗುತ್ತಿತ್ತು ಅಲ್ವಾ? ವರ್ಷಕ್ಕೆ 3 ಲಕ್ಷ 60 ಸಾವಿರ. ಅದನ್ನು ತೆಗೆದರೆ ಉಳಿಯುವುದು 2 ಲಕ್ಷ 90 ಸಾವಿರ. ನಿಮ್ಮ 13 ಲಕ್ಷ ದುಡಿದದ್ದು ಇಷ್ಟು. ಅಂದರೆ ನೂರಕ್ಕೆ 22. ಬಹಳ ಒಳ್ಳೆಯ ದುಡಿಮೆ.

ಈಗ ಅದರ ಮೇಲೆ 60 ಹಾಕಿ. ಒಟ್ಟು 73 ಲಕ್ಷ. ವ್ಯಾಪಾರ ಇಷ್ಟೇ ಇದ್ದರೆ ಅದೇ 2 ಲಕ್ಷ 90 ಸಾವಿರವನ್ನು 73 ಲಕ್ಷಕ್ಕೆ ಹಂಚಬೇಕು. ನೂರಕ್ಕೆ ನಾಲ್ಕು ಬಂತು. ಬ್ಯಾಂಕಿನ ಎಫ್‌ಡಿಯಲ್ಲಿ ಸುಮ್ನೆ ಇಟ್ಟರೂ ಅದಕ್ಕಿಂತ ಜಾಸ್ತಿ ಬರುತ್ತದೆ. ನಿಮ್ಮ ಲೆಕ್ಕದವರು ಹೇಳಿದ್ದು ಇದನ್ನೇ. ಎಷ್ಟು ಲಕ್ಷ ಹಾಕಿದ್ದೀರಿ ಎನ್ನುವುದರಿಂದಲೇ ಬಂಡವಾಳ ಜಾಸ್ತಿ ಅಥವಾ ಕಡಿಮೆ ಆಗುವುದಿಲ್ಲ. ಆ ವ್ಯಾಪಾರ ಎಷ್ಟು ದುಡ್ಡಿಗೆ ಕೆಲಸ ಕೊಡಬಲ್ಲದು, ಅದನ್ನು ನೋಡಬೇಕು. ಹತ್ತು ಚೀಲ ಬೀಜ ಇರುವ ಗಾಣಕ್ಕೆ ಮೂವತ್ತು ಆಳು ಕರೆದಂತೆ. ಇಪ್ಪತ್ತು ಜನ ನೆರಳಲ್ಲಿ ಕೂರುತ್ತಾರೆ, ಕೂಲಿ ಮಾತ್ರ ಎಲ್ಲರಿಗೂ ಕೊಡಬೇಕು. ಸ್ವಂತ ದುಡ್ಡಿಗೂ ಕೂಲಿ ಇದೆ ತಂಗಿ. ಬಡ್ಡಿ ಕಟ್ಟುವಂತಿಲ್ಲ ಎಂದಿರಿ. ಬೇರೆಡೆ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ ಬರದೇ ಹೋಯಿತಲ್ಲ, ಅದು ನೀವೇ ಕಟ್ಟಿದ ಬಡ್ಡಿ.

ವ್ಯಾಪಾರವೂ ಬೆಳೆಯುತ್ತದೆ ಎಂದು ಮಾವನವರು ಹೇಳಬಹುದು. ಆ ಮಾತು ನ್ಯಾಯವಾದದ್ದು. ಎಷ್ಟು ಬೆಳೆಯಬೇಕು ಎಂದು ನೋಡೋಣ. 73 ಲಕ್ಷಕ್ಕೂ ನೂರಕ್ಕೆ 22 ಬರಬೇಕೆಂದರೆ ವರ್ಷಕ್ಕೆ 16 ಲಕ್ಷ ಉಳಿಯಬೇಕು. ಈಗಿನ ಐದೂವರೆ ಪಟ್ಟು. ದಿನಕ್ಕೆ 45 ಲೀಟರ್ ಇದ್ದದ್ದು 250 ಆಗಬೇಕು. ಒಂದು ಮನೆ ತಿಂಗಳಿಗೆ 3 ಲೀಟರ್ ಒಯ್ಯುತ್ತದೆ, ತಿಂಗಳಿಗೆ 26 ದಿನ ವ್ಯಾಪಾರ ಎಂದುಕೊಳ್ಳಿ. ಈಗ ನಿಮಗೆ 390 ಮನೆಗಳ ಗಿರಾಕಿ ಇದೆ. ಆಗ 2,200 ಮನೆ ಹತ್ತಿರ ಬೇಕು. ಗಾಣದ ಎಣ್ಣೆ ದುಬಾರಿ, ಎಲ್ಲ ಮನೆಯವರೂ ಕೊಳ್ಳುವುದಿಲ್ಲ. ನಿಮ್ಮ 390 ಮನೆ ಸೇರಲು ಆರು ವರ್ಷ ಹಿಡಿಯಿತು. ಗಾಣ ದುಡ್ಡಿಗೆ ಸಿಗುತ್ತದೆ. ಬಾಯಿ ಮಾತಿನಿಂದ ಬರುವ ಗಿರಾಕಿ ಸಿಗುವುದಿಲ್ಲ.

ಬ್ಯಾಂಕಿನಲ್ಲಿ ನಾವು ಬಳಸುತ್ತಿದ್ದ ಒಂದು ಅಳತೆ ಹೇಳುತ್ತೇನೆ. 1992ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿ ಸಣ್ಣ ಘಟಕಗಳಿಗೆ ಒಂದು ಸರಳ ಲೆಕ್ಕ ಕೊಟ್ಟಿತು. ವರ್ಷದ ವಹಿವಾಟಿನ ಕಾಲು ಭಾಗ ಓಡಾಡುವ ಬಂಡವಾಳ ಬೇಕು. ಅದರಲ್ಲಿ ವಹಿವಾಟಿನ ನೂರಕ್ಕೆ 20ರಷ್ಟು ಬ್ಯಾಂಕ್ ಕೊಡಬೇಕು, 5ರಷ್ಟು ಮಾಲೀಕರು ಹಾಕಬೇಕು. ನಿಮ್ಮ 53 ಲಕ್ಷಕ್ಕೆ ಇದು 13 ಲಕ್ಷದ ಸುತ್ತ ಬರುತ್ತದೆ. ನಿಮ್ಮಲ್ಲಿ ಬೀಜ, ಉದ್ರಿ, ನಗದು ಸೇರಿ 9 ಲಕ್ಷ ಇದೆ. ಹಾಗಾಗಿ ನಿಮಗೆ ದುಡ್ಡು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಇನ್ನೂ 4 ಲಕ್ಷ ನಿಜವಾಗಿ ಬೇಕು. ಶೇಂಗಾ ಸುಗ್ಗಿಯ ಮಾಲು, ದೀಪಾವಳಿ ಆಸುಪಾಸಿನಲ್ಲಿ ರಾಶಿ ಬರುವಾಗ ಕೊಂಡರೆ ಅನುಕೂಲ. ಅದಕ್ಕೆ ಇನ್ನೂ 4 ಸೇರಿಸಿ. ಮೂರನೇ ಗಾಣಕ್ಕೆ 2, ಎಣ್ಣೆ ತಿಳಿಯಾಗಲು ಬಿಡುವ ಸ್ಟೀಲ್ ಡ್ರಮ್ಮುಗಳಿಗೆ, ರಿಪೇರಿಗೆ 2. ಒಟ್ಟು 12 ಲಕ್ಷ. ಉಳಿದ 48 ಲಕ್ಷಕ್ಕೆ ನಿಮ್ಮ ಗಾಣದಲ್ಲಿ ಸದ್ಯ ಕೆಲಸವಿಲ್ಲ.

ಇನ್ನೊಂದು ಮಾತು. ನಿಮ್ಮ ಊರಲ್ಲೇ ಇದರ ದೊಡ್ಡ ಪಾಠ ಇದೆ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಯುತ್ತಿದ್ದ ಕಾಲ ನಿಮ್ಮ ಮಾವನವರಿಗೆ ಚೆನ್ನಾಗಿ ನೆನಪಿರುತ್ತದೆ. ಆ ಮಿಲ್ಲುಗಳಿಗೆ ಹಾಕಿದ ದುಡ್ಡು ಹಾಕಿದ ದಿನ ಹೆಚ್ಚಾಗಿರಲಿಲ್ಲ. 1994-95ರಲ್ಲಿ ಅಡುಗೆ ಎಣ್ಣೆಯ ಆಮದು ಸಡಿಲವಾಯಿತು, ಅಗ್ಗದ ಪಾಮೋಲಿನ್ ಬಂತು. ಮಳೆಯೂ ಕೈಕೊಟ್ಟು ಶೇಂಗಾ ಕಡಿಮೆಯಾಯಿತು. ಅರೆಯಲು ಮಾಲಿಲ್ಲ, ಅರೆದ ಎಣ್ಣೆಗೆ ದರ ಇಲ್ಲ. ಕಟ್ಟಡ, ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಯಂತ್ರ, ಗೋಡೌನು ಎಲ್ಲ ಅಲ್ಲೇ ನಿಂತಿವೆ. ಹೊಸದಾಗಿ ಒಂದು ರೂಪಾಯಿ ಹಾಕದೆಯೇ ಬಂಡವಾಳ ಜಾಸ್ತಿಯಾಯಿತು, ಯಾಕೆಂದರೆ ವ್ಯಾಪಾರವೇ ಕುಗ್ಗಿತು. ಎಕ್ಸ್‌ಪೆಲ್ಲರಿನಲ್ಲಿ ಬೇರೆ ಏನು ಮಾಡುತ್ತೀರಿ? ನಾನು ಆ ಮಿಲ್ಲುಗಳ ಫೈಲು ನೋಡಿದ್ದೇನೆ. ಒಳ್ಳೆಯ ಮನುಷ್ಯರು, ಯಾರೂ ಮೋಸ ಮಾಡಿದವರಲ್ಲ. ಈಗಲೂ ನೆನೆದರೆ ಸಂಕಟವಾಗುತ್ತದೆ. ಅದಕ್ಕೇ ಎಂಟು ಗಾಣ ಎಂದಾಗ ನನಗೆ ಭಯವಾಯಿತು.

ಪೀಣ್ಯ ಎರಡನೇ ಹಂತ:

ಸರ್ ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ನನ್ನದು ಬೆಂಗಳೂರು ಪೀಣ್ಯದಲ್ಲಿ ಸಿಎನ್‌ಸಿ ಜಾಬ್‌ವರ್ಕ್ ಘಟಕ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್ನುಗಳಲ್ಲಿ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕೆಲಸ. 2015ರಲ್ಲಿ ಸಂಬಂಧಿಕರೊಬ್ಬರು ಪಾಲುದಾರರಾಗಿ ಒಂದೂವರೆ ಕೋಟಿ ಹಾಕಿದರು. ನನ್ನ ಹತ್ತಿರ ಎರಡು ಮೆಷಿನ್ನಿಗೆ ಆಗುವಷ್ಟು ಆರ್ಡರ್ ಇತ್ತು. ನಾಲ್ಕು ಕೊಂಡೆ.

ದುಡ್ಡು ಇದ್ದಾಗ ಕೈ ಹೇಗೆ ಸಡಿಲವಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. ಖಾಲಿ ನಿಂತ ಮೆಷಿನ್ ನೋಡಲು ಆಗುತ್ತಿರಲಿಲ್ಲ. ಹೇಗಾದರೂ ಓಡಲಿ ಎಂದು ಕಡಿಮೆ ರೇಟಿಗೆ ಕೆಲಸ ಹಿಡಿದೆ. ಗಂಟೆಗೆ ಇಷ್ಟು ಎಂದು ನಾನೇ ಹಾಕಿಕೊಂಡಿದ್ದ ಖರ್ಚೂ ಅದರಲ್ಲಿ ಹುಟ್ಟುತ್ತಿರಲಿಲ್ಲ. ಒಬ್ಬ ದೊಡ್ಡ ಗಿರಾಕಿ 120 ದಿನಕ್ಕೆ ಹಣ ಕೊಡುತ್ತಿದ್ದರು. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಕಾಯ್ದೆಯಲ್ಲೇ ಇದೆ. ನಾನು ಕೇಳಲೇ ಇಲ್ಲ. ಖಾತೆಯಲ್ಲಿ ದುಡ್ಡಿತ್ತಲ್ಲ, ಅವಸರ ಅನಿಸಲಿಲ್ಲ. ಮೊದಲು ಸಿಸಿ ಖಾತೆಯಲ್ಲಿ (ಮಿತಿಯೊಳಗೆ ಬೇಕಾದಾಗ ತೆಗೆದು, ಹಣ ಬಂದಾಗ ಕಟ್ಟುವ ಬ್ಯಾಂಕ್ ಸಾಲ) ನಡೆಸುತ್ತಿದ್ದಾಗ ಪ್ರತಿ ಸೋಮವಾರ ಬೆಳಿಗ್ಗೆ ಬಾಕಿಯವರಿಗೆಲ್ಲ ಫೋನ್ ಮಾಡುತ್ತಿದ್ದೆ. ಆ ಅಭ್ಯಾಸವೇ ತಪ್ಪಿಹೋಯಿತು.

ಕೆಟ್ಟದ್ದು ಏನೆಂದರೆ, ನಷ್ಟ ಆಗುತ್ತಿದೆ ಎನ್ನುವುದೇ ಎರಡು ವರ್ಷ ನನಗೆ ತಿಳಿಯಲಿಲ್ಲ. ಕಡಿಮೆ ದುಡ್ಡಿದ್ದರೆ ಎರಡೇ ತಿಂಗಳಲ್ಲಿ ಸಂಬಳಕ್ಕೆ ತತ್ವಾರವಾಗಿ ಎಚ್ಚರವಾಗುತ್ತಿತ್ತು. 2018ರಲ್ಲಿ ಎರಡು ಮೆಷಿನ್ ಅರ್ಧ ಬೆಲೆಗೆ ಮಾರಿದೆ. ಆ ಸಂಬಂಧಿಕರ ಪಾಲನ್ನು ಕಂತಿನಲ್ಲಿ ತೀರಿಸಲು ಐದು ವರ್ಷ ಹಿಡಿಯಿತು. ಈಗ ಎರಡು ಮೆಷಿನ್, 25 ಲಕ್ಷದ ಸಿಸಿ. ಸೋಮವಾರದ ಫೋನು ಮತ್ತೆ ಶುರುವಾಗಿದೆ.

ಅಕ್ಕಾ, ಎಂಟು ಗಾಣ ಒಟ್ಟಿಗೆ ಬೇಡ. ಒಂದು ತುಂಬಿ ಓಡಿದ ಮೇಲೆ ಇನ್ನೊಂದು.

ಬಟ್ಟೆ ಅಂಗಡಿ, ಗದಗ:

ನಾನು ಇದಕ್ಕೆ ಪೂರ್ತಿ ಒಪ್ಪುವುದಿಲ್ಲ. 2020ರ ಲಾಕ್‌ಡೌನ್ ಆದಾಗ ನಮ್ಮ ಬೀದಿಯಲ್ಲಿ ಉಳಿದವರು ದುಡ್ಡು ಇಟ್ಟುಕೊಂಡಿದ್ದವರೇ. ಮದುವೆ ಸೀಜನ್ ಪೂರ್ತಿ ಹೋಯಿತು. ಅಪ್ಪ ಎಂಟು ತಿಂಗಳ ಖರ್ಚಿನಷ್ಟು ದುಡ್ಡು ಉಳಿಸಿದ್ದರು. ನಾಲ್ಕು ಜನ ಹುಡುಗರನ್ನು ಮನೆಗೆ ಕಳಿಸದೆ ನಡೆಸಿದೆವು. ಆ ದುಡ್ಡು ಇರಬಾರದಿತ್ತು, ಅದು ಜಾಸ್ತಿಯಾಗಿತ್ತು ಎಂದು ಯಾರಾದರೂ ಹೇಳಿದರೆ ನಾನು ಕೇಳುವುದಿಲ್ಲ. ಬಂಡವಾಳ ಬಿಗಿಯಾಗಿ ಇಟ್ಟವರ ಅಂಗಡಿಗಳಿಗೆ ಬೀಗ ಬಿತ್ತು.

ಹಳೇ ಮ್ಯಾನೇಜರ್, ಹಿರಿಯೂರು:

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ವಿಷಯ ಕೇಳುತ್ತೇನೆ, ಆ ಎಂಟು ತಿಂಗಳ ದುಡ್ಡು ಎಲ್ಲಿತ್ತು? ಬ್ಯಾಂಕಿನಲ್ಲಿ ಇತ್ತು ಅಲ್ವಾ. ಅದೇ ದುಡ್ಡಿಗೆ ಅವರು ಇನ್ನೂ ಎಂಟು ತಿಂಗಳ ಸೀರೆ ತಂದು ಬೀರುವಿನಲ್ಲಿ ಇಟ್ಟಿದ್ದರೆ ಲಾಕ್‌ಡೌನಿನಲ್ಲಿ ಹುಡುಗರಿಗೆ ಸಂಬಳ ಆಗುತ್ತಿರಲಿಲ್ಲ. ಆಪತ್ತಿಗೆ ಇಟ್ಟ ದುಡ್ಡು ಬೇರೆ, ವ್ಯಾಪಾರದೊಳಗೆ ಹೂತ ದುಡ್ಡು ಬೇರೆ. ಮೊದಲನೆಯದು ಕರೆದ ತಕ್ಷಣ ಬರುತ್ತದೆ. ಎರಡನೆಯದು ಗಾಡಿ, ಗಾಣ, ಅಂಗಡಿಯ ಗಾಜು ಆಗಿಬಿಟ್ಟಿರುತ್ತದೆ. ಈ ತಂಗಿಗೂ ಆರು ತಿಂಗಳ ಖರ್ಚು ಬೇರೆ ಇಡಿ ಎಂದೇ ಹೇಳುತ್ತೇನೆ. ಅದನ್ನು ಗಾಣದ ಲೆಕ್ಕದಿಂದ ಹೊರಗೆ ಇಡಲಿ.

ಫ್ರೀಮಾಂಟ್ ಕನ್ನಡಿಗ:

ನಾನು 1998ರಲ್ಲಿ ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದವನು. ಪೀಣ್ಯದವರ ಮಾತು ಓದಿ ವೆಬ್‌ವ್ಯಾನ್ ನೆನಪಾಯಿತು. ಮನೆಗೆ ದಿನಸಿ ತಂದುಕೊಡುವ ಕಂಪನಿ. 1999ರ ಜೂನಿನಲ್ಲಿ ನಮ್ಮ ಬೇ ಏರಿಯಾದಲ್ಲೇ ಶುರುವಾಯಿತು. ನಮ್ಮ ಮನೆಗೂ ಅವರ ವ್ಯಾನು ಬರುತ್ತಿತ್ತು. ಹುಡುಗರು ಬಹಳ ಒಳ್ಳೆಯವರು, ತರಕಾರಿ ತಾಜಾ.

ಓಕ್ಲೆಂಡಿನಲ್ಲಿ ಒಂದೇ ಉಗ್ರಾಣ ಆಗಿನ್ನೂ ಕೆಲಸ ಶುರುಮಾಡಿತ್ತು. ಅದು ದಿನಕ್ಕೆ 8,000 ಆರ್ಡರಿಗೆಂದು ಕಟ್ಟಿದ್ದು. ಅಷ್ಟು ಆರ್ಡರ್ ಬರುತ್ತದೋ ಇಲ್ಲವೋ ನೋಡುವ ಮುಂಚೆಯೇ, ಜುಲೈನಲ್ಲಿ, ಬೇರೆ ಬೇರೆ ಊರುಗಳಲ್ಲಿ ಅಂಥದ್ದೇ 26 ಉಗ್ರಾಣ ಕಟ್ಟಲು ಬೆಕ್ಟೆಲ್ ಕಂಪನಿಗೆ ನೂರು ಕೋಟಿ ಡಾಲರಿನ ಗುತ್ತಿಗೆ ಕೊಟ್ಟರು. ನವೆಂಬರಿನಲ್ಲಿ ಷೇರು ಮಾರಿ 37.5 ಕೋಟಿ ಡಾಲರ್ ಎತ್ತಿದರು. 2001ರ ಜುಲೈನಲ್ಲಿ ದಿವಾಳಿ. ಸುಮಾರು 2,000 ಜನರ ಕೆಲಸ ಹೋಯಿತು. ಮನೆಗೆ ದಿನಸಿ ತಲುಪಿಸುವ ಯೋಚನೆ ತಪ್ಪಾಗಿರಲಿಲ್ಲ. ಇವತ್ತು ಎಲ್ಲ ಕಡೆ ಅದೇ ನಡೆಯುತ್ತಿದೆ. ಒಂದು ಊರಿನಲ್ಲಿ ಕಲಿಯಬೇಕಾದದ್ದನ್ನು ಕಲಿಯುವ ತಾಳ್ಮೆಯನ್ನು ಆ ದುಡ್ಡು ಕೊಡಲಿಲ್ಲ.

ಹಾಗೆಯೇ, ಜಾಸ್ತಿಯಾದ ದುಡ್ಡನ್ನು ವಾಪಸ್ ಕೊಡುವುದು ಮರ್ಯಾದೆಗೇಡು ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಇನ್ಫೋಸಿಸ್ 1981ರಲ್ಲಿ 10,000 ರೂಪಾಯಿಯಿಂದ ಶುರುವಾದದ್ದು ಎಲ್ಲರಿಗೂ ಗೊತ್ತು. ಅದೇ ಕಂಪನಿ 2017ರಲ್ಲಿ ತನ್ನದೇ ಷೇರುಗಳನ್ನು 1,150 ರೂಪಾಯಿಯಂತೆ ವಾಪಸ್ ಕೊಂಡು ಷೇರುದಾರರಿಗೆ 13,000 ಕೋಟಿ ಕೊಟ್ಟಿತು. 2025ರಲ್ಲಿ ಮತ್ತೆ 18,000 ಕೋಟಿಯ ಮರುಖರೀದಿ ಘೋಷಿಸಿತು. ಸಾಫ್ಟ್‌ವೇರ್ ಕೆಲಸಕ್ಕೆ ಕಾರ್ಖಾನೆ, ಕಚ್ಚಾ ಮಾಲು ಬೇಡ. ಬಂದ ಲಾಭಕ್ಕೆಲ್ಲ ಒಳಗೆ ಕೆಲಸ ಇರುವುದಿಲ್ಲ. ಕಂಪನಿಗಳಿಗೆ ಇದಕ್ಕೆ ಕಾನೂನಿನ ಮಿತಿ, ವಿಧಾನ ಎಲ್ಲ ಇದೆ. ನಿಮ್ಮದು ಸ್ವಂತ ವ್ಯಾಪಾರ. ಬೇಡವಾದ ದುಡ್ಡನ್ನು ಒಳಗೆ ಹಾಕದೆ ಇದ್ದರೆ ಆಯಿತು, ಯಾರನ್ನೂ ಕೇಳಬೇಕಾಗಿಲ್ಲ.

ಚಳ್ಳಕೆರೆ ಗಾಣ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಜನ ಕೂತು ನಮ್ಮ ಮನೆಯ ಲೆಕ್ಕ ಮಾಡಿಕೊಡುತ್ತೀರಿ ಎಂದು ನಾನು ಅಂದುಕೊಂಡಿರಲಿಲ್ಲ.

ಓದುತ್ತಾ ಓದುತ್ತಾ ಒಂದು ನೆನಪಾಯಿತು. ಹೋದ ವರ್ಷ ಒಂದು ಚೀಟಿ ಎತ್ತಿದ್ದೆವು, ಎರಡು ಲಕ್ಷ ಚಿಲ್ಲರೆ ಬಂತು. ದುಡ್ಡು ಕೈಯಲ್ಲಿದೆ ಎಂದು ಮಂಡಿಯಲ್ಲಿ 40 ಚೀಲ ಶೇಂಗಾ ಬೀಜ ಜಾಸ್ತಿ ತಂದೆವು. ಯಾವಾಗಲೂ ನಾನು ಚೀಲದ ತಳದಿಂದ ಒಂದು ಹಿಡಿ ತೆಗೆದು ಜಗಿದು ನೋಡುತ್ತೇನೆ. ಅವತ್ತು ನೋಡಲಿಲ್ಲ. ಜುಲೈ ಮಳೆಗೆ ಗೋಡೆಯ ಪಕ್ಕದ ಚೀಲಗಳು ಥಂಡಿ ಹಿಡಿದವು. ಬೀಜ ಬಾಯಿಗೆ ಹಾಕಿದರೆ ಕಮಟು. ಆ ಎಣ್ಣೆಯನ್ನು ಮನೆಗಳಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಸೋಪು ಮಾಡುವವರಿಗೆ ಸಿಕ್ಕಿದ ರೇಟಿಗೆ ಕೊಟ್ಟೆವು. ಅದನ್ನು ಮಳೆಯ ತಪ್ಪು ಅಂದುಕೊಂಡಿದ್ದೆ. ನಮಗೆ ಬೇಕಿದ್ದಕ್ಕಿಂತ ಜಾಸ್ತಿ ದುಡ್ಡು ಬಂದದ್ದೇ ಕಾರಣ ಎಂದು ಈಗ ಅನಿಸುತ್ತಿದೆ. 20 ಲಕ್ಷದ ಬೀಜ ತಂದಿದ್ದರೆ ಏನಾಗುತ್ತಿತ್ತೋ.

ನಿನ್ನೆ ರಾತ್ರಿ ಊಟವಾದ ಮೇಲೆ ಮಾವನವರಿಗೆ ಸರ್ ಬರೆದದ್ದನ್ನು ಓದಿ ಹೇಳಿದೆ. 390 ಮನೆ, 2,200 ಮನೆ ಎಂದಾಗ ಸುಮ್ಮನಾದರು. ಮಿಲ್ಲುಗಳ ವಿಷಯ ಬಂದಾಗ ತಾವೇ ಮಾತು ಶುರು ಮಾಡಿದರು. ಚಿಕ್ಕ ವಯಸ್ಸಿನಲ್ಲಿ ಎತ್ತಿನ ಗಾಡಿಯಲ್ಲಿ ಶೇಂಗಾ ತಂದು ಆ ಮಿಲ್ಲುಗಳ ಮುಂದೆ ರಾತ್ರಿಯೆಲ್ಲ ಸಾಲಿನಲ್ಲಿ ಕಾಯುತ್ತಿದ್ದರಂತೆ. ಹಿಂಡಿಯ ವಾಸನೆ ಊರಿಗೆಲ್ಲ ಬರುತ್ತಿತ್ತಂತೆ. ಬಹಳ ಹೊತ್ತು ಹೇಳಿದರು. ಕೊನೆಗೆ ಒಂದೇ ಮಾತು ಕೇಳಿದರು: "ಉಳಿದ 48 ಲಕ್ಷ ಬ್ಯಾಂಕಿನಲ್ಲಿಟ್ಟರೆ ಅದು ಸೋಮಾರಿ ದುಡ್ಡು ಆಗುವುದಿಲ್ಲವಾ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಳೇ ಮ್ಯಾನೇಜರ್, ಹಿರಿಯೂರು:

ಹಿರಿಯರಿಗೆ ಹೇಳಿ, ಅದು ಕಾಯುತ್ತಿರುವ ದುಡ್ಡು. ಹೊಲವನ್ನೂ ಬೇಸಿಗೆಯಲ್ಲಿ ಸುಮ್ನೆ ಬಿಡುತ್ತಿದ್ದರಲ್ಲ, ಮಳೆ ಬರುವವರೆಗೆ ಬೀಜ ಹಾಕುತ್ತಿರಲಿಲ್ಲ. ಮೂರನೇ ಗಾಣ ಆರು ತಿಂಗಳು ತುಂಬಿ ಓಡಿದರೆ ನಾಲ್ಕನೆಯದಕ್ಕೆ ಅದರಿಂದಲೇ ತೆಗೆಯಿರಿ. ಬೆಂಗಳೂರಿನ ಅಂಗಡಿಗೆ 15 ಲಕ್ಷ ಕೊಡುವ ಮುಂಚೆ ಅಲ್ಲಿ ಯಾರಾದರೂ ನೆಂಟರ ಮನೆಗೆ ತಿಂಗಳಿಗೆ 50 ಲೀಟರ್ ಕಳಿಸಿ ನೋಡಿ. ಅವರ ಅಕ್ಕಪಕ್ಕದವರು ಎರಡನೇ ಸಲ ಕೇಳಿದರೆ ಆಮೇಲೆ ಯೋಚಿಸಿ.

ಮೂರು ಕೆಲಸ ಈಗಲೇ ಮಾಡಿ. ಮಾರಿದ ಹೊಲಕ್ಕೆ ತೆರಿಗೆ ಬರುತ್ತದೋ ಇಲ್ಲವೋ ಎಂದು ಲೆಕ್ಕದವರನ್ನು ಕೇಳಿ. ಅದು ಮುಖ್ಯವಾಗಿ, ಹೊಲ ಪಟ್ಟಣದ ಗಡಿಯಿಂದ ಎಷ್ಟು ದೂರ ಇತ್ತು ಎನ್ನುವುದರ ಮೇಲೆ ನಿಂತಿದೆ. ಅದು ತಿಳಿಯುವವರೆಗೆ 60 ಲಕ್ಷವೂ ನಿಮ್ಮದೇ ಎಂದುಕೊಳ್ಳಬೇಡಿ. ಎರಡನೆಯದು, ಎಲ್ಲವನ್ನೂ ಒಂದೇ ಬ್ಯಾಂಕಿನಲ್ಲಿ ಇಡಬೇಡಿ. ಠೇವಣಿ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ. ಮೂರನೆಯದು, ಎಫ್‌ಡಿ ಮಾವನವರ ಹೆಸರಿನಲ್ಲೇ ಮಾಡಿಸಿ. ಹಿರಿಯ ನಾಗರಿಕರಿಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿ ಇರುತ್ತದೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಅವರ ಖಾತೆಗೇ ಬರಲಿ. ಭೂಮಿ ಅವರದ್ದು, ಬೆಳೆಯೂ ಅವರ ಕೈಗೇ ಬರಬೇಕು.

ಚಳ್ಳಕೆರೆ ಗಾಣ:

ಸರ್, ಬೇಸಿಗೆಯ ಹೊಲದ ಮಾತು ಹೇಳಿದೆ. ಮಾವನವರು "ಆಯ್ತು ಬಿಡಮ್ಮ, ಮಳೆ ನೋಡೋಣ" ಎಂದರು. ಸೋಮವಾರ ಅವರನ್ನೇ ಕರೆದುಕೊಂಡು ಬ್ಯಾಂಕಿಗೆ ಹೋಗುತ್ತಿದ್ದೇನೆ. ಮೂರನೇ ಗಾಣಕ್ಕೆ ಮರ ನೋಡಲು ಯಜಮಾನರು ಹೋಗಿದ್ದಾರೆ.

ಇನ್ನೊಂದೇ ಪ್ರಶ್ನೆ. ಈ ಸಲ ಸುಗ್ಗಿಯಲ್ಲಿ ನಾಲ್ಕು ತಿಂಗಳಿಗೆ ಆಗುವಷ್ಟು ತಗೊಳ್ಳೋಣ ಅಂತ ಇದ್ದೇವೆ. ಬೀಜ ಬಿಡಿಸದೆ ಕಾಯಿಯಾಗಿಯೇ ಇಟ್ಟರೆ ಬೇಗ ಕಮಟು ಹಿಡಿಯುವುದಿಲ್ಲ, ಆದರೆ ಜಾಗ ಬಹಳ ಬೇಕು. ನೆಲದಿಂದ ಎಷ್ಟು ಎತ್ತರಕ್ಕೆ ಹಲಗೆ ಹಾಕಬೇಕು, ಗೋಡೆಯಿಂದ ಎಷ್ಟು ಬಿಡಬೇಕು? ಗೋಡೌನ್ ನಡೆಸಿದವರು ಯಾರಾದರೂ ಇದ್ದರೆ ಹೇಳಿ.